ಮೇಣ ಹಚ್ಚಿದ ಎಳೆಗಳು

ನಮ್ಮಣ್ಣ ರುದ್ರಮುನಿ ಓದಿದವನು. ನಾನು ಏಳನೇ ಕ್ಲಾಸಿಗೇ ಬ್ಯಾಗು ಎಸೆದು ಬಂದವನು. ಆದ್ದರಿಂದ ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಅದು ನನ್ನಿಂದಲೇ ಕೆಟ್ಟಿರಬೇಕು ಅನ್ನುವುದು ಎಲ್ಲರೂ ಒಪ್ಪಿಕೊಂಡ ಮಾತು. ಹಾಲು ಉಕ್ಕಿದರೆ ತಿಪ್ಪೇಶ, ಬೀಗದಕೈ ಕಳೆದರೆ ತಿಪ್ಪೇಶ. ಇರಲಿ, ಅಭ್ಯಾಸವಾಗಿದೆ. ಆದರೆ ಮಗುವಿನ ಎಳೆಗಳಿಗೆ ಮೇಣ ಹಚ್ಚಿದವನು ನಾನಲ್ಲ. ಅಷ್ಟು ಹೇಳುವುದಕ್ಕೆಂದೇ ಇದನ್ನು ಬರೆಯಲು ಕೂತಿದ್ದೇನೆ. ನಾನು ಮಾಡಿದ್ದು ಬೇರೆ. ಅದನ್ನೂ ಹೇಳುತ್ತೇನೆ, ಆತುರ ಮಾಡಬೇಡಿ.

ನಮ್ಮೂರಲ್ಲಿ ಬೀದಿಗೆ ಇಳಿಯುವವನು ಕೈಯಲ್ಲೊಂದು ಕವೆಗೋಲು ಹಿಡಿದೇ ಇಳಿಯಬೇಕು. ಚಿಕ್ಕ ಮಕ್ಕಳ ನೆತ್ತಿಯಿಂದ ಹೊರಟ ಎಳೆಗಳು ಈ ಮನೆಯಿಂದ ಆ ಮನೆಗೆ, ಆ ಕಟ್ಟೆಯಿಂದ ಈ ಅಂಗಡಿಗೆ ಅಡ್ಡಡ್ಡ ಚಾಚಿಕೊಂಡಿರುತ್ತವೆ. ಕವೆಯಿಂದ ಮೆಲ್ಲಗೆ ಎತ್ತಬೇಕು, ಕೆಳಗೆ ನುಸುಳಬೇಕು, ಹಿಂದೆ ಬರುವವರು ದಾಟುವವರೆಗೂ ಎತ್ತಿ ಹಿಡಿದು ನಿಲ್ಲಬೇಕು. ಬಸ್ಸಿನ ಮುಂದೆ ಇಬ್ಬರು ಕೋಲು ಹಿಡಿದು ನಡೆಯುತ್ತಾರೆ. ಹೀಗಾಗಿ ಸಂತೆಗೆ ನಮ್ಮ ಬಸ್ಸಿಗಿಂತ ಮೊದಲು ಎಮ್ಮೆ ಮುಟ್ಟುತ್ತದೆ. ಮದುವೆ ದಿಬ್ಬಣವೂ ಬಗ್ಗಿಕೊಂಡೇ ಹೋಗಬೇಕು, ಹೆಣವೂ ಬಗ್ಗಿಸಿಕೊಂಡೇ ಹೋಗಬೇಕು. ಬೇರೆ ಊರಿನಿಂದ ಬಂದ ಸೊಸೆಯಂದಿರು ಮೊದಲ ಆರು ತಿಂಗಳು ಸೊಂಟನೋವು ಅಂತ ಅಳುತ್ತಾರೆ. ಆಮೇಲೆ ಅವರದ್ದೇ ಮಗು ಹುಟ್ಟುತ್ತದೆ, ಅಳುವುದನ್ನು ನಿಲ್ಲಿಸುತ್ತಾರೆ.

ಎಳೆ ಹಿಡಿಯುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಮಗು 'ಆ' ಅಂದರೆ ನೀವೂ 'ಆ' ಅನ್ನಬೇಕು. ಅದು ನಕ್ಕರೆ ನಗಬೇಕು. ಬೆರಳು ತೋರಿಸಿದರೆ ಆ ಕಡೆ ನೋಡಿ, ಅದು ಕಾಗೆ ಕಣೇ, ಅನ್ನಬೇಕು. ಆಗ ಕೂದಲಿಗಿಂತ ಸಣ್ಣದೊಂದು ಎಳೆ ಗಾಳಿಯಲ್ಲಿ ತೇಲಿ ಬಂದು ನಿಮ್ಮ ಕಿವಿಗೋ ಭುಜಕ್ಕೋ ಹಿಡಿಯುತ್ತದೆ. ದಿನಾ ಓಗೊಟ್ಟರೆ ದಾರದಷ್ಟು ದಪ್ಪವಾಗುತ್ತದೆ. ಓಗೊಡದಿದ್ದರೆ ಒಣಗಿ ಬೀಳುತ್ತದೆ. ಬೀದಿ ಗುಡಿಸುವವರ ಬುಟ್ಟಿಯಲ್ಲಿ ದಿನಾ ಒಂದು ಹಿಡಿ ಇದ್ದೇ ಇರುತ್ತದೆ, ಅದಕ್ಕೆ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಬಳಸದ್ದು ಬೀಳಲೇಬೇಕು, ಎಲ್ಲವೂ ಉಳಿದರೆ ಮಗು ತನ್ನ ಎಳೆಗೇ ಸಿಕ್ಕಿಕೊಂಡು ಬೀಳುತ್ತದೆ. ಐದು ತುಂಬುವ ಹೊತ್ತಿಗೆ ಗಟ್ಟಿಯಾಗಿ ಉಳಿದವೆಲ್ಲ ಮೆಲ್ಲಗೆ ಒಳಗೆ ಸೇರಿಕೊಳ್ಳುತ್ತವೆ, ಆಮೇಲೆ ಕಣ್ಣಿಗೆ ಕಾಣುವುದಿಲ್ಲ.

ನನ್ನದು ಹಿಟ್ಟಿನ ಗಿರಣಿ. ಬೆಲ್ಟು ಸುತ್ತುತ್ತಿದ್ದರೆ ಪಕ್ಕದವರು ಕೂಗಿದರೂ ಅರ್ಧವೇ ಕೇಳುತ್ತದೆ. ಹೆಂಗಸರು ಡಬ್ಬ ಸಾಲಿಗಿಟ್ಟು, ಸೊಂಟದ ಮೇಲೆ ಮಗು ಕೂರಿಸಿಕೊಂಡು ಕಾಯುತ್ತಾರೆ. ನಾನು ಮಾತಾಡಿ ಪ್ರಯೋಜನವಿಲ್ಲ ಅಂತ ಮುಖದಲ್ಲೇ ಮಾತಾಡುತ್ತೇನೆ. ಹುಬ್ಬು ಏರಿಸುತ್ತೇನೆ, ಕೆನ್ನೆ ಉಬ್ಬಿಸುತ್ತೇನೆ. ಹಿಟ್ಟು ಬಳಿದ ಮುಖ ಬೇರೆ. ಮಕ್ಕಳು ಕಣ್ಣು ಕೀಳುವುದಿಲ್ಲ. ಹೀಗೆ ನನ್ನ ಮೈಮೇಲೆ ನಲವತ್ತೊಂದು ಮಕ್ಕಳ ಎಳೆಗಳಿವೆ, ಒಂದೊಂದೂ ಗೋಣಿ ಹೊಲಿಯುವ ದಾರದಷ್ಟು ಗಟ್ಟಿ. ಅಂಗಿ ಹಾಕಿಕೊಳ್ಳುವುದೇ ನನಗೆ ಅರ್ಧ ಗಂಟೆಯ ಕೆಲಸ. ಊರಲ್ಲಿ ಇಷ್ಟು ಎಳೆ ಹೊತ್ತವನು ಇನ್ನೊಬ್ಬನಿಲ್ಲ. ಆದರೂ ನಮ್ಮ ಮನೆಯಲ್ಲಿ ನಾನು ಏಳನೇ ಕ್ಲಾಸೇ.

ಅಣ್ಣನಿಗೆ ಮಗಳು ಹುಟ್ಟಿದಳು. ಪ್ರಣತಿ ಅಂತ ಹೆಸರಿಟ್ಟ. ಅದೇ ತಿಂಗಳು ಎಲ್ಲಿಂದಲೋ ಒಬ್ಬ ಬಂದು ಛತ್ರದಲ್ಲಿ ಮೂರು ದಿನ ಭಾಷಣ ಮಾಡಿ ಹೋಗಿದ್ದ. ಮಗುವಿನ ತಲೆ ಬೆಳೆಯುವುದೆಲ್ಲ ಈ ಮೊದಲ ವರ್ಷಗಳಲ್ಲೇ, ಒಂದು ಎಳೆಯೂ ವ್ಯರ್ಥವಾಗಬಾರದು, ಕೆಟ್ಟ ಕಡೆ ಹೋಗಬಾರದು, ಅಂದನಂತೆ. ಅಣ್ಣ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದ. ಮುಂಗೋಣೆಯ ಗೋಡೆಗಳಿಗೆಲ್ಲ ಪಟಗಳನ್ನು ಬಡಿದ. ಅಕ್ಷರಮಾಲೆ, ಭೂಪಟ, ಮಗ್ಗಿ, ಹಣ್ಣು, ಗ್ರಹಗಳು. ಹತ್ತು ದಿನದ ಕೂಸಿಗೆ ಗ್ರಹ ಯಾಕೆ ಬೇಕು ಅಂತ ಅವ್ವ ಕೇಳಿದಳು. "ಅವ್ವಾ, ನಿನಗೆ ಗೊತ್ತಾಗಲ್ಲ ಸುಮ್ನಿರು," ಅಂದ. ಆಮೇಲೆ ಒಂದೊಂದಾಗಿ ನಿಯಮ ಬಂದವು. ಮಗುವಿನ ಜೊತೆ ತೊದಲು ಮಾತಾಡಬಾರದು. ಕಾಗಕ್ಕ ಗುಬ್ಬಕ್ಕನ ಕತೆ ಹೇಳಬಾರದು. ಗಿರಣಿಗೆ ಕರೆದೊಯ್ಯಬಾರದು. ಅಣ್ಣ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಪಟಗಳ ಮುಂದೆ ಮಗುವನ್ನು ಕೂರಿಸಿ ಓದಿ ಹೇಳುತ್ತಿದ್ದ. ಮಗು ಏನಾದರೂ ಅಂದರೆ, "ಶ್, ಕೇಳಿಸ್ಕೋ," ಅನ್ನುತ್ತಿದ್ದ. ಮಿಕ್ಕ ಹೊತ್ತು ಹಾಡು ಹೇಳುವ ಒಂದು ಪೆಟ್ಟಿಗೆ ಇತ್ತು. ಅದಕ್ಕೆ ಬಾಯಿತ್ತು, ಕಿವಿ ಇರಲಿಲ್ಲ.

ಪ್ರಣತಿಗೆ ಎಂಟು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ನಾನು ಹೊಸಿಲ ಮೇಲೆ ಕೂತು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದೆ. ಹಿಂದಿನಿಂದ ಬಂದವಳು ಅಂಗಿ ಹಿಡಿದುಕೊಂಡು ನಿಂತು, "ತ್ತಾ," ಅಂದಳು. ನಾನು ತಿರುಗಿ, "ತ್ತಾ," ಅಂದೆ. ಅವಳಿಗೆ ಎಷ್ಟು ಆಶ್ಚರ್ಯವಾಯಿತು ಅಂದರೆ ಕೂತುಬಿಟ್ಟಳು. ಮತ್ತೆ ಎದ್ದು, "ತ್ತಾ." ನಾನು ಸುತ್ತಿಗೆ ಕೆಳಗಿಟ್ಟು, "ತ್ತಾ." ಎಳೆ ಬಂದು ನನ್ನ ಎಡ ಕಿವಿಗೆ ಹಿಡಿಯಿತು. ಅಷ್ಟರಲ್ಲಿ ಅಣ್ಣ ಬಂದ. ನಮ್ಮೂರಲ್ಲಿ ಎಳೆ ಕತ್ತರಿಸುವುದು ಮಹಾಪಾಪ, ಅವನು ಕತ್ತರಿಸಲಿಲ್ಲ. ಉಗುರಿನಿಂದ ನಾಜೂಕಾಗಿ ನನ್ನ ಕಿವಿಯಿಂದ ಬಿಡಿಸಿದ. ತೆಗೆದುಕೊಂಡು ಹೋಗಿ ಭೂಪಟದ ಮೇಲೆ ಒಂದು ತೊಟ್ಟು ಮೇಣ ಹಾಕಿ ಅಂಟಿಸಿದ.

"ನಿನ್ನ ಮೇಲೆ ಸಿಟ್ಟಲ್ಲ ಕಣೋ ತಿಪ್ಪೇಶ," ಅಂದ. "ಅವಳ ಭವಿಷ್ಯ ನೋಡ್ಬೇಕಲ್ಲ. ನಿನ್ನಿಂದ ಅವಳು ಏನು ಕಲೀತಾಳೆ, ಹೇಳು?"

ಮೊಳೆ ನನ್ನ ಕೈಯಲ್ಲೇ ಇತ್ತು. ಹೊಡೆಯಬೇಕಾದ ಜಾಗದಲ್ಲಿ ಹೊಡೆಯಲಿಲ್ಲ, ಅದೇ ನನ್ನ ಪುಣ್ಯ. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟೆ. ಗಿರಣಿಯಲ್ಲೇ ಊಟ, ಗಿರಣಿಯಲ್ಲೇ ನಿದ್ದೆ. ಸ್ನಾನಕ್ಕೆ ಮಾತ್ರ ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲಿನಿಂದಲೇ ಹೋಗುತ್ತಿದ್ದೆ.

ಮೇಣದ ಉಪಾಯ ಅಣ್ಣನಿಗೆ ಬಹಳ ಹಿಡಿಸಿತು. ಎಳೆ ಎಲ್ಲಿಗೆ ಹೋಗಬೇಕು ಅಂತ ತಾನೇ ಗೊತ್ತು ಮಾಡಬಹುದಲ್ಲ. ಕಿಟಕಿ ಕಡೆ ತೇಲಿದ್ದನ್ನು ಹಿಡಿದು ಮಗ್ಗಿಗೆ ಅಂಟಿಸಿದ. ಬೀದಿಯ ಬಳೆಗಾರ್ತಿಯ ಕಡೆ ಹೊರಟಿದ್ದನ್ನು ಹಿಡಿದು ಶನಿಗ್ರಹಕ್ಕೆ ಅಂಟಿಸಿದ. ಎರಡು ವರ್ಷವಾಗುವ ಹೊತ್ತಿಗೆ ಐವತ್ತರ ಮೇಲೆ ಎಳೆ. ಮುಂಗೋಣೆ ಮಗ್ಗದ ಹಾಗೆ ಕಾಣುತ್ತಿತ್ತು. ನೋಡಲು ಜನ ಬರುತ್ತಿದ್ದರು, ಕಾಫಿ ಕುಡಿಯುತ್ತಿದ್ದರು. ಮಗು ನಡುವೆ ಚಾಪೆಯ ಮೇಲೆ ಕೂತಿರುತ್ತಿದ್ದಳು. ಅಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ. "ಎಷ್ಟು ಒಳ್ಳೇ ಮಗು ರೀ, ಇದೆ ಅನ್ನೋದೇ ಗೊತ್ತಾಗಲ್ಲ," ಅಂತ ಹೊಗಳಿ ಹೋಗುತ್ತಿದ್ದರು. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ವರ್ಷದ ಮಗು ಇದೆ ಅನ್ನುವುದು ಮೂರನೇ ಮನೆಗೂ ಗೊತ್ತಾಗಬೇಕು. ಅದಕ್ಕೆ ಓದಬೇಕಾ?

ಮೂರು ತುಂಬಿದ ದಿನ ನಮ್ಮಲ್ಲಿ ಎಳೆ ಮಿಡಿಯುವ ಶಾಸ್ತ್ರ. ಹೆರಿಗೆ ಮಾಡಿಸಿದ ಸೂಲಗಿತ್ತಿಯೇ ಬಂದು, ಒಂದೊಂದು ಎಳೆಯನ್ನೂ ಉಗುರಿನಿಂದ ಮೆಲ್ಲಗೆ ಮಿಡಿಯುತ್ತಾಳೆ. ಜೀವ ಇರುವ ಎಳೆಯಾದರೆ ಮಗು ಆ ಕಡೆ ತಿರುಗಿ ನೋಡುತ್ತದೆ. ನೋಡಿದಷ್ಟು ಸಲ ಎಲ್ಲರೂ ಬೆಲ್ಲ ತಿನ್ನುತ್ತಾರೆ. ಅಷ್ಟೇ ಶಾಸ್ತ್ರ. ಅವ್ವ ಗಿರಣಿಯವರೆಗೂ ನಡೆದು ಬಂದು, "ಜಗಳ ನಿಮ್ಮಿಬ್ಬರದು. ಮಗೀಗೆ ಚಿಕ್ಕಪ್ಪ ಅಂತ ನಿಲ್ಲೋದಕ್ಕಾದರೂ ಬಾ," ಅಂದಳು. ಹೋದೆ. ಬಾಗಿಲ ಪಕ್ಕ ಕೈಕಟ್ಟಿ ನಿಂತೆ.

ದ್ಯಾಮಜ್ಜಿಗೆ ಎಂಬತ್ತು ದಾಟಿದೆ. ಊರಿನ ಅರ್ಧ ಜನರನ್ನು ಹೊಕ್ಕುಳಬಳ್ಳಿ ಕುಯ್ದು ಭೂಮಿಗಿಳಿಸಿದವಳು, ಆ ಸಲುಗೆಯಲ್ಲೇ ಮಾತಾಡುತ್ತಾಳೆ. ಒಳಗೆ ಬಂದವಳೇ ಗೋಡೆ ನೋಡಿ ನಿಂತಳು.

"ಏನಪ್ಪಾ ರುದ್ರ, ಮಗಳನ್ನ ಒಣಗೋದಕ್ಕೆ ಹಾಕಿದೀಯಾ?"

"ಅಜ್ಜಿ, ಅರವತ್ತಮೂರಿದಾವೆ. ಎಲ್ಲಾ ಒಳ್ಳೇ ಕಡೆ," ಅಂದ ಅಣ್ಣ.

"ಕಡೆ ನೋಡೋಕೆ ಬಂದಿಲ್ಲ. ಜೀವ ನೋಡೋಕೆ ಬಂದಿದೀನಿ." ಅಕ್ಷರಮಾಲೆಯ ಎಳೆ ಮಿಡಿದಳು. ಪ್ರಣತಿ ಚಾಪೆಯ ಅಂಚು ನೋಡುತ್ತಿದ್ದಳು. ಇನ್ನೊಂದು ಮಿಡಿದಳು. ಮಗ್ಗಿ. ಹಣ್ಣು. ಗ್ರಹಗಳು. ಮಗು ತಲೆ ಎತ್ತಲಿಲ್ಲ. ಅತ್ತಿಗೆ ಕೋಮಲಾ ಬೆಲ್ಲದ ತಟ್ಟೆಯನ್ನು ಸೆರಗಿನಿಂದ ಮುಚ್ಚಿದಳು. ಇಪ್ಪತ್ತನೇ ಎಳೆಯ ಹೊತ್ತಿಗೆ, ಬಂದಿದ್ದ ನೆಂಟರು ಒಬ್ಬರನ್ನೊಬ್ಬರು ನೋಡಿಕೊಳ್ಳುವುದನ್ನೂ ಬಿಟ್ಟರು. ದ್ಯಾಮಜ್ಜಿ ಭೂಪಟದ ಹತ್ತಿರ ಬಂದು, ಮೇಣವನ್ನು ಉಗುರಿನಿಂದ ಕೆರೆದಳು. ಎಳೆ ಸದ್ದಿಲ್ಲದೆ ನೆಲಕ್ಕೆ ಬಿತ್ತು. ಪಕ್ಕದ್ದನ್ನು ಕೆರೆದಳು, ಅದೂ ಬಿತ್ತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಯುದ್ದಕ್ಕೂ ಕೆರೆಯುತ್ತಾ ಹೋದಳು. ಎಲ್ಲ ಮುಗಿದಾಗ ಮುಂಗೋಣೆಯ ನೆಲ ಕ್ಷೌರದಂಗಡಿಯ ನೆಲದ ಹಾಗಿತ್ತು.

"ಮೇಣ ಹಿಡಿದುಕೊಂಡಿತ್ತು ಕಣಪ್ಪಾ," ಅಂದಳು. "ಎಳೆ ಯಾವತ್ತೋ ಹೋಗಿತ್ತು."

ಅರವತ್ತಮೂರೂ ಬಿದ್ದಿದ್ದವು. ಆದರೆ ಮಗುವಿನ ನೆತ್ತಿಯ ಮೇಲೆ ಇನ್ನೂ ಮೂರು ಇದ್ದವು. ಅಣ್ಣನ ಲೆಕ್ಕಕ್ಕೆ ಸಿಗದವು. ಅಜ್ಜಿ ಮೊದಲನೆಯದನ್ನು ಮಿಡಿದಳು. ಪ್ರಣತಿ ಸರಕ್ಕನೆ ಅವ್ವನ ಕಡೆ ತಿರುಗಿದಳು. ಎಳೆ ಸೀರೆಯ ಅಂಚಿನ ಕೆಳಗೆ ಹೋಗಿ ಅವ್ವನ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಮಾತಾಡಬೇಡ ಅಂತ ಮಗ ಹೇಳಿದ್ದನಲ್ಲ, ಮಗು ಪಕ್ಕದಲ್ಲಿ ಕೂತು ಏನಾದರೂ ಅಂದಾಗೆಲ್ಲ ಅವ್ವ ಸೀರೆಯೊಳಗೇ ಹೆಬ್ಬೆರಳು ಕುಣಿಸಿ ಓಗೊಟ್ಟಿದ್ದಳು. ಕದ್ದು. ತನ್ನ ಮನೆಯಲ್ಲೇ. ಎರಡನೆಯದು ಅತ್ತಿಗೆಯ ಬಳೆಗೆ. ಅಡುಗೆಮನೆಯಿಂದ ಬಳೆ ಸದ್ದು ಮಾಡಿ ಉತ್ತರ ಕೊಡುತ್ತಿದ್ದಳಂತೆ. ಮೂರನೆಯದು ಕಿಟಕಿಯಾಚೆ ಹೋಗಿತ್ತು. ಮಿಡಿದಾಗ ಹಿತ್ತಲ ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಎದ್ದು ಕೂತಿತು.

"ಮೂರು," ಅಂದಳು ಅಜ್ಜಿ. "ಮೂರಾದರೂ ಇದಾವಲ್ಲ. ಬೆಲ್ಲ ಕೊಡು ಕೋಮಲಾ."

ನನಗೆ ತಡೆಯಲಾಗಲಿಲ್ಲ. ಎರಡು ವರ್ಷ ಕಟ್ಟಿಟ್ಟ ಮಾತು ಒಂದೇ ಸಲಕ್ಕೆ ಬಿಟ್ಟೆ. ಬೆಕ್ಕಿನ ಯೋಗ್ಯತೆ ಇಲ್ಲ ನಿನಗೆ ಅಂದೆ. ನೋಟ್‌ಬುಕ್ಕಿಗೆ ಬೆಂಕಿ ಇಡು ಅಂದೆ. ಡಿಗ್ರಿಯನ್ನೂ ಮೇಣ ಹಚ್ಚಿ ಗೋಡೆಗೆ ಅಂಟಿಸಿಕೋ ಅಂದೆ. ಇಲ್ಲಿ ಬರೆಯಬಾರದ್ದನ್ನೂ ಅಂದೆ. ಅಣ್ಣ ತಿರುಗಿ ಬಯ್ದಿದ್ದರೆ ಚೆನ್ನಾಗಿತ್ತು. ಅವನು ನೆಲದ ಮೇಲೆ ಕೂತು ಬಿದ್ದ ಎಳೆಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಜೋಡಿಸುತ್ತಿದ್ದ.

ದ್ಯಾಮಜ್ಜಿ ಬೆಲ್ಲ ಚೀಪುತ್ತಾ ನನ್ನ ಬಯ್ಗುಳ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಮುಗೀತಾ? ನಿನ್ನದೆಲ್ಲಿ?" ಅಂದಳು.

"ನಂದೇನು?"

"ಊರ ಮಕ್ಕಳ ಎಳೆಯೆಲ್ಲ ಮೈಮೇಲೆ ಹೊತ್ಕೊಂಡು ಗೂಳಿ ಹಂಗೆ ತಿರುಗ್ತೀಯಲ್ಲ. ಈ ಮಗೀದು ಎಲ್ಲಿ?"

"ಇವನೇ ಕಿತ್ತ ಅಜ್ಜಿ. ಕಿವಿಯಿಂದ ಕಿತ್ತು ಭೂಪಟಕ್ಕೆ ಅಂಟಿಸಿದ."

"ಕಿತ್ತಿದ್ದು ಒಂದು. ಆಮೇಲೆ?"

ನಾನು ಮಾಡಿದ್ದೇನು ಅಂತ ಹೇಳುತ್ತೇನೆ ಅಂದಿದ್ದೆನಲ್ಲ, ಈಗ ಹೇಳುತ್ತೇನೆ. ಹಿತ್ತಲಿನಿಂದ ಬಂದು ಹೋಗುತ್ತಿದ್ದೆನಲ್ಲ, ಆಗ ಆ ಮಗು ಹಿತ್ತಲ ಬಾಗಿಲವರೆಗೆ ಅಂಬೆಗಾಲಿಟ್ಟು ಬರುತ್ತಿತ್ತು. ಚೌಕಟ್ಟು ಹಿಡಿದು ನಿಂತು, "ತ್ತಾ," ಅನ್ನುತ್ತಿತ್ತು. ಅಣ್ಣ ಆಗ ಆಫೀಸಿನಲ್ಲಿರುತ್ತಿದ್ದ, ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ನಾನು ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ. ನನ್ನಿಂದ ಏನು ಕಲೀತಾಳೆ ಅಂದನಲ್ಲ, ಏನೂ ಕಲಿಯದೇ ಇರಲಿ, ಅನುಭವಿಸಲಿ, ಅಂದುಕೊಂಡಿದ್ದೆ. ಯಾರು ಅನುಭವಿಸಬೇಕು ಅಂತ ಯೋಚಿಸಲಿಲ್ಲ. ಒಂದು ತಿಂಗಳು ದಿನಾ ಬಂದು ಕರೆದಳು. ಆಮೇಲೆ ಬರುವುದು ಬಿಟ್ಟಳು. ಬೀದಿ ಮಕ್ಕಳಿಗೆಲ್ಲ ಕೆನ್ನೆ ಉಬ್ಬಿಸುವವನು ನಾನು. ಅಣ್ಣನಾದರೂ ತಿಳಿಯದೆ ಮಾಡಿದ. ನನಗೆ ತಿಳಿದಿತ್ತು.

ಅತ್ತಿಗೆ ಅಳುತ್ತಿದ್ದಳು. "ಮೂರು ವರ್ಷ ಹೋಯ್ತಲ್ಲ ಅಜ್ಜಿ, ಇನ್ನು ಎರಡೇ ಉಳಿದಿದ್ದು. ಐದಕ್ಕೆ ಬಾಗಿಲು ಹಾಕ್ಕೊಂಡುಬಿಡುತ್ತಂತೆ."

"ಯಾವನಮ್ಮ ಹೇಳಿದ್ದು? ಐದಾದ ಮೇಲೆ ಹೊರಗೆ ಕಾಣಲ್ಲ, ಅಷ್ಟೆ. ಈಗ ಹಸಿ ಮಣ್ಣು, ಬೆರಳಲ್ಲಿ ಒತ್ತಿದರೆ ಅಚ್ಚು. ಆಮೇಲೆ ನೀರು ಹಾಕಿ ನೆನೆಸಬೇಕು, ಕಷ್ಟ ಜಾಸ್ತಿ. ನಾನು ಓದು ಕಲಿತಿದ್ದೇ ಮೊಮ್ಮಗಳ ಕೈಲಿ." ಎದ್ದು ನಿಂತು ಮೊಣಕಾಲು ನೀವಿಕೊಂಡಳು. "ಆದರೆ ಆಮೇಲೆ ಮಾಡಿದರಾಯ್ತು ಅಂತ ಇವತ್ತು ಸುಮ್ನೆ ಕೂರಬೇಡಿ. ಗೋಡೆ ಬಿಟ್ಟು ಮಗೀನ ಜನಗಳ ಮಧ್ಯ ಬಿಡಿ. ಅದು ಕರೆದರೆ ಓ ಅನ್ನಿ. ಅದೂ ಹೇಳಿಕೊಡಬೇಕಾ?"

ಮರುದಿನ ಬೆಳಿಗ್ಗೆ ಗಿರಣಿ ಬಾಗಿಲು ತೆರೆಯುತ್ತಿದ್ದ ಹಾಗೆ ಅಣ್ಣ ಬಂದು ನಿಂತಿದ್ದ. ಕಂಕುಳಲ್ಲಿ ಪ್ರಣತಿ. ರಜೆ ಹಾಕಿದ್ದನಂತೆ. ಮಗುವನ್ನು ಖಾಲಿ ಗೋಣಿಚೀಲಗಳ ಮೇಲೆ ಕೂರಿಸಿದ. ತಾನು ಪಕ್ಕದಲ್ಲಿ ನಿಂತುಕೊಂಡ, ಪರೀಕ್ಷೆ ಬರೆಯಲು ಬಂದು ಪೆನ್ನು ಮರೆತವನ ಹಾಗೆ.

ಹುಬ್ಬು ಏರಿಸಿದೆ. ಕೆನ್ನೆ ಉಬ್ಬಿಸಿದೆ. ಮೂಗಿನ ತುದಿಗೆ ಹಿಟ್ಟು ಹಚ್ಚಿಕೊಂಡು ಸೀನಿದೆ. ಸಾಲಿನಲ್ಲಿದ್ದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಪ್ರಣತಿ ಗೋಡೆ ನೋಡುತ್ತಿದ್ದಳು. ನನ್ನ ಗಿರಣಿಯ ಗೋಡೆಯಲ್ಲಿ ಏನಿದೆ, ಜೇಡರ ಬಲೆ. ಅದನ್ನೇ ನೋಡುತ್ತಿದ್ದಳು. ಎರಡನೇ ದಿನವೂ ಹಾಗೇ. ಮೂರನೇ ದಿನ, ನಾಲ್ಕನೇ ದಿನ. ಐದನೇ ದಿನ ನನಗೆ ಎಂಥ ಸಿಟ್ಟು ಬಂತು ಅಂದರೆ, ಈ ಮಗುವಿನ ಮುಂದೆ ಕೋತಿ ಹಾಗೆ ಕುಣಿಯುವುದಕ್ಕಿಂತ ಕಲ್ಲು ಕುಟ್ಟುವುದು ಮೇಲು ಅನ್ನಿಸಿತು. ಸಿಟ್ಟು ಯಾರ ಮೇಲೆ ಅಂತ ಗೊತ್ತಿತ್ತು, ಅದಕ್ಕೇ ಇನ್ನೂ ಜಾಸ್ತಿ ಬಂತು. ಡಬ್ಬ ತಂದ ಕಂಬಳಿ ನಾಗವ್ವ, "ನೀನೇ ಮಾಡ್ತಾ ಇದೀಯಲ್ಲೋ ಎಲ್ಲಾನೂ. ಅದು ಏನಾದರೂ ಮಾಡೋವರೆಗೂ ಬಾಯಿ ಮುಚ್ಕೊಂಡು ನೋಡು," ಅಂದಳು. ಊರಿಗೆ ಊರೇ ನನಗೆ ಪಾಠ ಹೇಳುವವರು. ಆದರೂ ಆರನೇ ದಿನದಿಂದ ಮುಖ ಮಾಡುವುದು ಬಿಟ್ಟೆ. ಕೆಲಸ ಮಾಡುತ್ತಾ ಅವಳನ್ನು ನೋಡುತ್ತಿದ್ದೆ, ಅಷ್ಟೆ.

ಹನ್ನೊಂದನೇ ದಿನ ಅವಳು ನಾಗವ್ವನ ಡಬ್ಬದ ಮುಚ್ಚಳ ಎತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕೈಬಿಟ್ಟಳು. ಮುಚ್ಚಳ ಠಣ್ಣಂತ ಬಿದ್ದು ಉರುಳಿ ಬಂದು ನನ್ನ ಕಾಲಿಗೆ ತಗುಲಿತು. ಎತ್ತಿ ಕೊಟ್ಟೆ. ಈಸಿಕೊಂಡಳು. ಒಂದು ಕ್ಷಣ ನೋಡಿ, ಮತ್ತೆ ಕೈಬಿಟ್ಟಳು. ಎತ್ತಿ ಕೊಟ್ಟೆ. ಮತ್ತೆ ಬಿಟ್ಟಳು. ಈ ಸಲ ಮುಚ್ಚಳ ನೋಡಲಿಲ್ಲ, ನನ್ನ ಮುಖ ನೋಡಿದಳು: ಇವನು ಬಗ್ಗುತ್ತಾನಾ ಇಲ್ಲವಾ. ಬಗ್ಗಿದೆ.

"ಜಾಣಮರಿ, ಹಾಗೆಲ್ಲ ಎಸೀಬಾರ್ದು," ಅಂತ ಅಣ್ಣ ಶುರು ಮಾಡಿದ.

"ನೀನು ಸುಮ್ನಿರು," ಅಂದೆ. ಎರಡು ವರ್ಷ ನಾಲ್ಕು ತಿಂಗಳಲ್ಲಿ ಬಯ್ಗುಳ ಬಿಟ್ಟು ಅವನಿಗೆ ನಾನು ಆಡಿದ ಮೊದಲ ಮಾತು ಅದು.

ಎಷ್ಟು ಸಲ ಎತ್ತಿಕೊಟ್ಟೆನೋ ನೆನಪಿಲ್ಲ. ಬೆನ್ನು ಹಿಡಿದುಕೊಂಡಿತು. ಗಿರಣಿಯ ಬಾಯಲ್ಲಿ ಕಾಳು ಮುಗಿದು ಕಲ್ಲು ಬರಿದೇ ಕಿರುಗುಟ್ಟುತ್ತಿತ್ತು. ಹಿಂದಿನಿಂದ ಯಾರೋ, "ತಿಪ್ಪೇಶಣ್ಣ, ಜೋಳ ಇವತ್ತೇ ಆಗುತ್ತಾ, ಮುಂದಿನ ಹಬ್ಬಕ್ಕಾ?" ಅಂದರು. ಮುಚ್ಚಳ ಕೊಡಲು ಕೈ ಚಾಚಿದ್ದೆ. ಪ್ರಣತಿ ಈಸಿಕೊಳ್ಳಲಿಲ್ಲ. ಕಣ್ಣು ಸಣ್ಣ ಮಾಡಿ, ತುಟಿ ಒತ್ತಿ ಹಿಡಿದು, ಹೊಟ್ಟೆಯಿಂದ ಕುಲುಕಿ ನಕ್ಕಳು. ನಾನೂ ನಕ್ಕೆ. ಹಿಟ್ಟಿನ ಧೂಳಿನ ನಡುವೆ ಒಂದು ಎಳೆ ನಿಧಾನಕ್ಕೆ, ದಾರಿ ಹುಡುಕಿಕೊಂಡು ಬರುವ ಕುರುಡನ ಹಾಗೆ, ಅತ್ತ ಸರಿದು ಇತ್ತ ಸರಿದು ಬಂದು ನನ್ನ ಮಣಿಕಟ್ಟಿಗೆ ತಗುಲಿತು. ಹಿಡಿಯಿತೋ ಇಲ್ಲವೋ ಹೇಳಲಾಗದಷ್ಟು ಸಣ್ಣದು. ನಾನು ಕೈ ಅಲ್ಲಾಡಿಸಲಿಲ್ಲ.

"ಅಣ್ಣ, ಕಲ್ಲು ಸುಟ್ಟುಹೋಗುತ್ತೆ. ಜೋಳ ಸುರಿ," ಅಂದೆ.

"ನಂಗೆ ಬರಲ್ಲ ಕಣೋ."

"ಡಬ್ಬ ಎತ್ತು. ಬಾಯಿಗೆ ಸುರಿ. ಅಷ್ಟೆ."

ನಮ್ಮಣ್ಣ ಇಸ್ತ್ರಿ ಅಂಗಿಯ ತೋಳು ಮಡಚಿ ಕೈಗೆ ಸಿಕ್ಕ ಡಬ್ಬ ಎತ್ತಿ ಸುರಿದ. ಅದು ಜೋಳವಲ್ಲ, ನಾಗವ್ವನ ರಾಗಿ. ಕೆಳಗೆ ಹಿಟ್ಟು ಬೀಳುವ ಬಟ್ಟೆಯ ಚೀಲದ ಬಾಯಿ ಕಟ್ಟಿರಲಿಲ್ಲ. ಹಿಟ್ಟೆಲ್ಲ ಅವನ ಮೇಲೆ. ನಾಗವ್ವ ಅವನ ಡಿಗ್ರಿಯನ್ನು ಹಿಡಿದು ಬಯ್ಯಲು ಶುರು ಮಾಡಿದಳು, ಅವನು ಕೆಮ್ಮುತ್ತಾ ಯಾವ ಗುಂಡಿ ಒತ್ತಬೇಕು ಅಂತ ನನ್ನನ್ನೇ ಕೇಳುತ್ತಿದ್ದ. ನನಗೆ ಆ ಕಡೆ ನೋಡಲು ಪುರುಸೊತ್ತಿರಲಿಲ್ಲ. ಪ್ರಣತಿ ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡಿದ್ದಳು. ನನ್ನ ಮುಖ ನೋಡಿಕೊಂಡೇ ಅದನ್ನು ಈ ಸಲ ಆದಷ್ಟು ದೂರಕ್ಕೆ ಎಸೆದಳು.

ನಾನು ಬೆನ್ನು ಹಿಡಿದುಕೊಂಡು ಬಗ್ಗಿದೆ.